ಯಾವ ಊರಾದರೇನು ಅಂದರೆ ಹೇಗೆ ಮೇಷ್ಟ್ರೇ?

ಓದುಗರ ಪತ್ರ:

ಸಂಪಾದಕರೇ, ನಾನು ತಿಪಟೂರು ಹತ್ತಿರದ ಹಳ್ಳಿಯವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಹೋದ ತಿಂಗಳು ನನ್ನ ಕತೆಯನ್ನು ‘ಚೆನ್ನಾಗಿದೆ, ಆದರೆ ಊರು ಕಾಣ್ತಿಲ್ಲ’ ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದಿರಿ. ಅಣ್ಣ ತಮ್ಮ ಆಸ್ತಿ ಪಾಲು ಮಾಡಿಕೊಳ್ಳುವ ಕತೆ ಅದು. ಎಲ್ಲ ಕಡೆ ನಡೆಯುವಂಥದ್ದು. ಯಾವ ಊರಾದರೇನು? ನಿಮ್ಮ ಪತ್ರಿಕೆಯ ಕತೆಗಳಲ್ಲಿ ಯಾರಾದರೂ ಬಾಯಿ ಬಿಡುವ ಮೊದಲು ಎರಡು ಪುಟ ಮಳೆ ಬರುತ್ತದೆ. ನಾನು ಹಾರಿಸಿ ಓದುತ್ತೇನೆ. ಕತೆಗೆ ಬೇಕಾದವರು ಮನುಷ್ಯರು. ಉಳಿದದ್ದೆಲ್ಲ ಅಲಂಕಾರ. ಇನ್ನೊಂದು ಮಾತು. ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಕೂತು ಓದುವವರಿಗೆ ಜಗಲಿ, ಹಿತ್ತಿಲು, ಅಟ್ಟ ಅಂದರೆ ಏನು ತಿಳಿಯುತ್ತದೆ?

ಸಂಪಾದಕರ ಉತ್ತರ:

ಮೇಷ್ಟ್ರೇ,

ಸಿಟ್ಟಿನಲ್ಲಿ ಬರೆದ ಕಾಗದ, ಆದರೂ ಒಂದು ಕಾಗುಣಿತ ತಪ್ಪಿಲ್ಲ. ನಿಮ್ಮ ಕೈಕೆಳಗೆ ಕಲಿತ ಮಕ್ಕಳು ಪುಣ್ಯವಂತರು. ಒಂದೇ ಸಾಲಿನ ಉತ್ತರ ನಿಮಗೆ ಬೇಜಾರು ತಂದಿದೆ. ಇರಲಿ, ಆ ಬಾಕಿಯನ್ನು ಈಗ ಬಡ್ಡಿ ಸಮೇತ ತೀರಿಸುತ್ತೇನೆ. ಹಾರಿಸಿ ಓದುವ ಅಭ್ಯಾಸ ನಿಮಗಿದೆ, ಗೊತ್ತು. ಇದೊಂದನ್ನು ಮಾತ್ರ ಪೂರ್ತಿ ಓದಿಬಿಡಿ.

ಮೊದಲು ನಿಮ್ಮ ಕಡೆಯ ಮಾತು. ಎರಡು ಪುಟದ ಮಳೆಯನ್ನು ಹಾರಿಸಿದಿರಲ್ಲ, ಅದರಲ್ಲಿ ತಪ್ಪೇನಿಲ್ಲ. ನಾನೂ ಹಾರಿಸುತ್ತೇನೆ. ಈ ರೋಗ ಹಳೆಯದು. ಮಹಾಕಾವ್ಯ ಅಂದಮೇಲೆ ಹದಿನೆಂಟು ವರ್ಣನೆ ಇರಲೇಬೇಕು ಅಂತ ಹಿಂದೆ ಕಟ್ಟಳೆಯೇ ಇತ್ತು. ಸಮುದ್ರ, ಬೆಟ್ಟ, ಪಟ್ಟಣ, ಋತುಗಳು, ಸೂರ್ಯ ಹುಟ್ಟುವುದು, ಚಂದ್ರ ಹುಟ್ಟುವುದು, ವನವಿಹಾರ, ಜಲಕ್ರೀಡೆ ಅಂತ ಉದ್ದದ ಪಟ್ಟಿ. ಸಮುದ್ರ ಕಂಡವನೂ ಬರೆದ, ಕಾಣದವನೂ ಬರೆದ. ಓದುವವನು ಆಗಲೂ ಆಕಳಿಸಿರಬೇಕು.

ಆದರೆ ಅದೇ ಕಟ್ಟಳೆಯೊಳಗೆ ಕೂತು ಪಂಪ ಏನು ಮಾಡಿದ ನೋಡಿ. ಸುಮಾರು 941ರಲ್ಲಿ ಮಹಾಭಾರತದ ಕತೆ ಬರೆಯುತ್ತಾ ಅರ್ಜುನನನ್ನು ತೀರ್ಥಯಾತ್ರೆಯ ನೆಪದಲ್ಲಿ ಸೀದಾ ಬನವಾಸಿಗೆ ಕರೆತಂದ. ತೆಂಕಣ ಗಾಳಿ ಸೋಕಿದರೆ ಸಾಕು, ಬಿರಿದ ಮಲ್ಲಿಗೆ ಕಂಡರೆ ಸಾಕು, ‘ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅಂದ. ಹಸ್ತಿನಾಪುರದ ರಾಜಕುಮಾರನಿಗೆ ಬನವಾಸಿಯಲ್ಲಿ ಏನು ಕೆಲಸ ಸ್ವಾಮಿ? ಏನೂ ಇಲ್ಲ. ಪಂಪನಿಗಿತ್ತು. ಕಾವ್ಯ ಓದದವರ ಬಾಯಲ್ಲೂ ಇವತ್ತಿಗೂ ಉಳಿದಿರುವುದು ಆ ಸಾಲು.

ಈಗ ನಿಮ್ಮ ಕತೆ. ನನಗೆ ಚೆನ್ನಾಗಿ ನೆನಪಿದೆ. ಅಪ್ಪ ತೀರಿಕೊಂಡು ವರ್ಷ ತುಂಬಿಲ್ಲ. ಪಂಚಾಯ್ತಿ ಕೂರುತ್ತದೆ. ಜಮೀನು ಅರ್ಧ ಅರ್ಧ. ಮನೆಗೆ ನಡುವೆ ಗೋಡೆ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ತಾಯಿ ಯಾರ ಪಾಲಿಗೆ ಅನ್ನುವಲ್ಲಿ ಮುಗಿಯುತ್ತದೆ. ಮಾತುಗಳು ಸಹಜವಾಗಿವೆ, ತಮ್ಮನ ಸಣ್ಣತನ ಚೆನ್ನಾಗಿ ಹಿಡಿದಿದ್ದೀರಿ. ಆದರೆ ಇದೇ ಕತೆಯನ್ನು ಬೇರೆ ಬೇರೆಯವರ ಕೈಬರಹದಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ‘ಜಮೀನು’ ಅಂತ ಬರೆದಿದ್ದೀರಿ. ಯಾವ ಜಮೀನು? ತಿಪಟೂರು ಸೀಮೆಯವರು ನೀವು, ಇಡೀ ಕತೆಯಲ್ಲಿ ಒಂದು ತೆಂಗಿನ ಮರ ಇಲ್ಲ!

ನಿಮ್ಮ ಕಡೆ ಕೊಬ್ಬರಿ ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು ಹೆಚ್ಚು ಕಡಿಮೆ ಒಂದು ವರ್ಷ ಸುಮ್ನೆ ಬಿದ್ದಿರುತ್ತದೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ತಿರುಳು ಚಿಪ್ಪು ಬಿಟ್ಟುಕೊಳ್ಳುತ್ತದೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಉಂಡೆ ಉರುಳುವ ಸದ್ದು ಕೇಳುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಮಾಡಿ ಎಪಿಎಂಸಿ ಹರಾಜಿಗೆ ಒಯ್ಯುವುದು. ಅಂದರೆ ಈ ವರ್ಷ ಮಾರುವುದು ಹೋದ ವರ್ಷದ ಕಾಯಿ.

ಈಗ ಹೇಳಿ. ನಿಮ್ಮ ಕತೆಯ ಅಪ್ಪ ಬದುಕಿದ್ದಾಗ ಅಟ್ಟಕ್ಕೆ ಹಾಕಿಸಿದ ಕಾಯಿ, ಪಂಚಾಯ್ತಿ ಕೂತ ದಿನ ಅವರ ತಲೆ ಮೇಲೆಯೇ ಇದೆ. ಅದು ಯಾರದು? ಅಣ್ಣ ಊರಲ್ಲಿದ್ದು ತೋಟ ನೋಡಿಕೊಂಡವನು. ಇನ್ನೂ ಒಣಗಲಿ, ರೇಟು ಬರಲಿ ಅನ್ನುತ್ತಾನೆ. ತಮ್ಮ ಬೆಂಗಳೂರಿನಲ್ಲಿ ಸಾಲ ಮಾಡಿ ಸೈಟು ತಗೊಂಡವನು. ಈಗಲೇ ಇಳಿಸು ಅನ್ನುತ್ತಾನೆ. ಈಗಲೇ ಇಳಿಸಿದರೆ ಅದು ಕೊಬ್ಬರಿಯೂ ಅಲ್ಲ, ಎಳನೀರಂತೂ ಅಲ್ಲವೇ ಅಲ್ಲ. ನೆಲದ ಮೇಲೆ ನೀವು ಗೋಡೆ ಎಬ್ಬಿಸಿದಿರಿ. ಅಟ್ಟ ಇಡೀ ಮನೆಗೆ ಒಂದೇ ಅಲ್ವಾ? ಗೋಡೆ ಅಲ್ಲಿಗೂ ಹೋಗುತ್ತದಾ? ಎಷ್ಟು ಕಾಯಿ ಹಾಕಿಸಿದ್ದು ಅಂತ ಗೊತ್ತಿರುವುದು ತಾಯಿಗೆ ಮಾತ್ರ. ಅವಳು ಯಾವ ಮಗನಿಗೆ ಯಾವ ಲೆಕ್ಕ ಹೇಳುತ್ತಾಳೆ? ರಾತ್ರಿ ಮೇಲೆ ಯಾರೋ ಓಡಾಡಿದ ಹಾಗೆ ಕೇಳುತ್ತದೆ. ಇಲಿಯೋ, ತಮ್ಮನೋ? ತೋಟದ ಬದುವಿನಲ್ಲಿರುವ ಮರ ಅಣ್ಣನ ಪಾಲಿನ ಕಡೆ ಬೇರು ಬಿಟ್ಟು ತಮ್ಮನ ಕಡೆ ಬಾಗಿದೆ. ಕಾಯಿ ಬೀಳುವುದು ಯಾರ ನೆಲದಲ್ಲಿ?

ನೋಡಿ, ಇದರಲ್ಲಿ ಒಂದು ಸಾಲಿನ ಮಳೆಯೂ ಇಲ್ಲ. ಚಂದ್ರನೂ ಹುಟ್ಟಲಿಲ್ಲ. ಊರು ಬಂತು, ಅದರ ಹಿಂದೆಯೇ ಜಗಳ ಬಂತು. ಊರು ಕಾಣ್ತಿಲ್ಲ ಅಂತ ನಾನು ಬರೆದದ್ದು ಇದಕ್ಕೆ. ನೀವು ಗಣಿತದವರು, ಎರಡರಿಂದ ಭಾಗಿಸಿದರೆ ಶೇಷ ಸೊನ್ನೆ ಅಂತ ಬಿಟ್ಟುಬಿಟ್ಟಿರಿ. ಕತೆ ಇದ್ದದ್ದು ಆ ಶೇಷದಲ್ಲಿ.

‘ಎಲ್ಲ ಕಡೆ ನಡೆಯುವಂಥದ್ದು’ ಅಂದಿರಿ. ನಾನು ಒಂದು ಆಟ ಆಡುತ್ತಿರುತ್ತೇನೆ. ಕತೆಯನ್ನು ಎತ್ತಿ ಬೇರೆ ಊರಿಗೆ ಇಟ್ಟು ನೋಡುವುದು. ಅನಂತಮೂರ್ತಿಯವರ ‘ಸಂಸ್ಕಾರ’ ತಗೊಳ್ಳಿ, 1965ರದ್ದು. ದೂರ್ವಾಸಪುರ ಅನ್ನುವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣ್ಯ ಬಿಟ್ಟವನು, ಮಕ್ಕಳಿಲ್ಲ. ಹೆಣ ಎತ್ತುವವರು ಯಾರು? ಹೆಣ ಏಳುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಬಿಸಿಲು. ಹಸಿವು. ಬಿಲದಿಂದ ಇಲಿಗಳು ಹೊರಬಂದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಇಳಿಯುತ್ತವೆ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ತಾಳೆಗರಿ ತಿರುವುತ್ತಾ ಕೂರುತ್ತಾರೆ. ಕೊನೆಗೆ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಮೀನು ವ್ಯಾಪಾರದ ಸಾಬರೊಬ್ಬರ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಇದನ್ನೇ ಎತ್ತಿ ಇವತ್ತಿನ ಮಲ್ಲೇಶ್ವರದಲ್ಲಿ ಇಡಿ. ಅಕ್ಕಪಕ್ಕದವರು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಬರುತ್ತಿದ್ದರು. ಫೋನ್ ಮಾಡಿದರೆ ಶವದ ವ್ಯಾನು ಬರುತ್ತಿತ್ತು. ಕತೆ ಮೂರನೇ ಪುಟಕ್ಕೆ ಮುಕ್ತಾಯ.

ಅದನ್ನು ಬರೆದದ್ದು ಎಲ್ಲಿ ಕೂತು ಗೊತ್ತಾ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಹಾಗಾಗಿ ಆ ಊರಲ್ಲೇ ಕೂತು ಬರೆಯಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲೇ ಹುಟ್ಟಿರಬೇಕು ಅಂತಲೂ ಇಲ್ಲ. ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹುಡುಗರಿಗೆ ಅಂಗಸಾಧನೆ ಕಲಿಸುತ್ತಿದ್ದವರು. ಅವರ ‘ರೂಪದರ್ಶಿ’ ನಡೆಯುವುದು ಇಟಲಿಯ ಫ್ಲಾರೆನ್ಸಿನಲ್ಲಿ, ಮೈಕೆಲೆಂಜೆಲೊ ಕಾಲದಲ್ಲಿ. ಕನ್ನಡದ ಮನೆ ಮನೆಯಲ್ಲಿ ಜನ ಅದನ್ನು ಓದಿ ಅತ್ತರು. ಇದು ನಿಮ್ಮ ಕಡೆಗೆ ನಾನು ಕೊಡುವ ಎರಡನೇ ಅಂಕ. ಮೂರನೆಯದು ಇಲ್ಲ.

ಜಾನಪದ ಕತೆಯಲ್ಲಿ ಎಲ್ಲಿದೆ ಊರು, ‘ಒಂದಾನೊಂದು ಊರಲ್ಲಿ’ ಅಂತ ಶುರುವಾಗುತ್ತದಲ್ಲ ಅಂತ ನೀವು ಕೇಳಬಹುದು. ನನ್ನ ಅಜ್ಜಿಯೂ ಹಾಗೇ ಶುರುಮಾಡುತ್ತಿದ್ದಳು. ಆದರೆ ಅವಳ ಕತೆಯ ರಾಣಿ ಅರಮನೆ ಮಾಳಿಗೆ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಕಾಗೆ ಓಡಿಸಲು ಕೋಲು ಕೊಟ್ಟು ರಾಜಕುಮಾರಿಯನ್ನು ಕೂರಿಸುತ್ತಿದ್ದಳು. ರಾಕ್ಷಸ ಇದ್ದದ್ದು ಏಳು ಸಮುದ್ರದಾಚೆ ಅಲ್ಲ, ನಮ್ಮೂರ ಕೆರೆ ಕೋಡಿಯ ಹುಣಸೆ ಮರದಲ್ಲಿ. ಕತ್ತಲಾದ ಮೇಲೆ ನಾವ್ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಪುಸ್ತಕಕ್ಕೆ ಇಳಿಸುವಾಗ ಹಪ್ಪಳ ಬಿಟ್ಟು ರಾಣಿಯನ್ನಷ್ಟೇ ಇಳಿಸಿದ್ದಾರೆ. ಅದಕ್ಕೇ ಅಂಥ ಪುಸ್ತಕ ಮಕ್ಕಳು ಓದುವುದಿಲ್ಲ.

ಪರಿಸರ ಅಂದ ಕೂಡಲೇ ಹಸಿರು, ಮಂಜು, ಹಳ್ಳ ಅಂದುಕೊಳ್ಳುವುದು ಇನ್ನೊಂದು ತೊಂದರೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ನೋಡುವಂಥ ದೃಶ್ಯ ಏನಿದೆ? ಒಂದು ಬಡ ಮನೆ, ಒಂದು ರಾತ್ರಿ. ಸಾಕವ್ವನ ಹುಂಜ ಕಳೆದುಹೋಗಿದೆ. ಮನೆಗೆ ಕದ್ದ ಕಳ್ಳೆಕಾಯಿ ಮೂಟೆ ಬಂದಿದೆ. ಮನೆಮಂದಿಯೆಲ್ಲ ಒಲೆ ಮುಂದೆ ಕೂತು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಹುಡುಕಲು ಬರುತ್ತಾರೆ. ಆ ಮನೆಯಲ್ಲಿ ಮೂಟೆ ಬಚ್ಚಿಡಲು ಹೊಟ್ಟೆ ಬಿಟ್ಟರೆ ಬೇರೆ ಜಾಗ ಇಲ್ಲ ಮೇಷ್ಟ್ರೇ. ಮನೆ ಎಷ್ಟು ಅಗಲ ಅಂತ ಅಳತೆ ಕೊಡಬೇಕಾ?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನದು. ಹಳೇ ಮನೆಯಲ್ಲಿ ಇರುವೆಗಳ ಕಾಟ. ಸಣ್ಣ ಮನೆ, ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ, ದುಡ್ಡಿನ ವಿಷಯ ಎಲ್ಲರೂ ಕೂತು ತೀರ್ಮಾನಿಸಬೇಕು. ದುಡ್ಡು ಬಂದು ದೊಡ್ಡ ಮನೆಗೆ ಹೋದ ಮೇಲೆ ಆ ಮಂದಿ ಬೇರೆಯೇ ಆಗುತ್ತಾರೆ. ಯಶವಂತ ಚಿತ್ತಾಲರು ಹನೇಹಳ್ಳಿ ಬಿಟ್ಟು ಮುಂಬಯಿಯಲ್ಲಿ ಬದುಕಿದವರು. 1979ರ ‘ಶಿಕಾರಿ’ಯಲ್ಲಿ ಕಾಡಿಲ್ಲ, ಕಂಪನಿ ಆಫೀಸಿದೆ. ಬೇಟೆ ಅಲ್ಲೇ ನಡೆಯುತ್ತದೆ.

ಇನ್ನು ಕಾಡೇ ಬೇಕು ಅನ್ನುವವರು ತೇಜಸ್ವಿಯವರ ‘ಕರ್ವಾಲೊ’ ನೋಡಲಿ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ತುಪ್ಪ ತರಲು ಹೋಗುವುದರಿಂದ ಕತೆ ಶುರು. ಎಷ್ಟು ಸಾಮಾನ್ಯ ಜಾಗ! ಅಲ್ಲಿಂದ ಮಂದಣ್ಣ, ಅವನ ಮದುವೆ, ಹಾರುವ ಓತಿ ಅಂತ ಹೊರಟು ಘಟ್ಟದ ಅಂಚಿಗೆ ಬಂದು ನಿಲ್ಲುತ್ತದೆ. ಓತಿ ಪ್ರಪಾತದ ಮೇಲೆ ತೇಲಿ ಹೋಗಿಬಿಡುತ್ತದೆ. ಬಯಲಿನಲ್ಲಾಗಿದ್ದರೆ ಓಡಿ ಹಿಡಿಯಬಹುದಿತ್ತು.

ಈಗ ನನ್ನ ಹೊಟ್ಟೆನೋವು ಕೇಳಿ. ನಮ್ಮ ಕಥಾಸ್ಪರ್ಧೆಗೆ ಬರುವ ಕತೆಗಳಲ್ಲಿ ಒಂದು ರಾಶಿ ನಿಮ್ಮ ಹಾಗೆ ಊರೇ ಇಲ್ಲದವು. ಇನ್ನೊಂದು ರಾಶಿ ಮಲೆನಾಡಿನವು. ಅದರಲ್ಲಿ ಮಲೆನಾಡಿನವರು ಬರೆದದ್ದು ಕಡಿಮೆ. ಒಂದು ಸಲ ಒಬ್ಬ ಹುಡುಗ ಕತೆ ಹಿಡಿದುಕೊಂಡು ಆಫೀಸಿಗೇ ಬಂದ. ಒಳ್ಳೆ ಹುಡುಗ. ಸಕಲೇಶಪುರದ ಎಸ್ಟೇಟಿನಲ್ಲಿ ನಡೆಯುವ ಪ್ರೇಮಕತೆ. ಆಷಾಢದ ಜಡಿಮಳೆ ಸುರಿಯುತ್ತಿದೆ, ತೋಟದ ತುಂಬ ಕಾಫಿ ಹೂ ಬೆಳ್ಳಗೆ ಅರಳಿದೆ, ಅದರ ನಡುವೆ ನಾಯಕಿ ನಿಂತಿದ್ದಾಳೆ. ‘ಆಷಾಢದಲ್ಲಿ ಕಾಫಿ ಹೂವಾಗೋದನ್ನ ಎಲ್ಲಿ ನೋಡಿದೆಯಪ್ಪಾ?’ ಅಂದೆ. ‘ಫೋನಲ್ಲಿ ಫೋಟೋ ನೋಡಿದ್ದೆ ಸಾರ್’ ಅಂದ.

ಫೋಟೋದಲ್ಲಿ ತಿಂಗಳು ಕಾಣುವುದಿಲ್ಲ. ಕಾಫಿ ಹೂವಾಗುವುದು ಬೇಸಿಗೆಯಲ್ಲಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಹದವಾದ ಮಳೆ ಬೀಳಬೇಕು. ಹೂಮಳೆ ಅಂತಾರೆ. ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ, ಮಲ್ಲಿಗೆ ಥರ ವಾಸನೆ, ಎರಡು ಮೂರು ದಿನದಲ್ಲಿ ಮುಗಿಯಿತು. ಆಮೇಲೆ ಕಾಯಿ ಕಚ್ಚಿ ನಿಲ್ಲಲು ಇನ್ನೊಂದು ಮಳೆ ಬೇಕು. ರೋಬಸ್ಟಾ ಹಾಕಿದವನ ಇಡೀ ವರ್ಷದ ಭವಿಷ್ಯ ಆ ಎರಡು ಮಳೆಯ ಮೇಲೆ ನಿಂತಿರುತ್ತದೆ. ಮಳೆ ಬರದಿದ್ದರೆ ಕೆರೆ ಇರುವವನು ಸ್ಪ್ರಿಂಕ್ಲರ್ ಹಚ್ಚುತ್ತಾನೆ. ಕೆರೆ ಇಲ್ಲದವನು ಹಳ್ಳಕ್ಕೆ ಮೋಟರ್ ಇಳಿಸುತ್ತಾನೆ. ಕೆಳಗಿನ ತೋಟದವನಿಗೆ ನೀರಿಲ್ಲ. ಮಾತು ಬೆಳೆಯುತ್ತದೆ. ಎರಡು ಮನೆ ನಡುವೆ ಗೊತ್ತಾಗಿದ್ದ ಮದುವೆ ನಿಂತುಹೋಗುತ್ತದೆ. ‘ನಿನ್ನ ಪ್ರೇಮಕತೆ ಅಲ್ಲಿತ್ತು ಮಾರಾಯ, ಮಾರ್ಚಿನಲ್ಲಿ ಹೋಗಿ ಬಾ’ ಅಂದೆ. ಅವನು ಹೋಗಲಿಲ್ಲ ಅಂತ ಕಾಣುತ್ತದೆ. ಅದೇ ಕತೆ ಆಮೇಲೆ ಇನ್ನೊಂದು ಕಡೆ ಅಚ್ಚಾಯಿತು. ಹೂ ಆಷಾಢದಲ್ಲೇ ಇತ್ತು.

ಹೋಂಸ್ಟೇ ಜಾಹೀರಾತಿನ ಮಲೆನಾಡು ಇದು. ಮಂಜಿದೆ, ಕಾಫಿ ಲೋಟವಿದೆ, ರಕ್ತ ಹೀರುವ ಇಂಬಳ ಇಲ್ಲ. ಅಡಿಕೆ ತೋಟವಿದೆ, ಕೊಳೆರೋಗ ಇಲ್ಲ. ಮಳೆಗಾಲದಲ್ಲಿ ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಇಲ್ಲ, ಅವನ ಕೂಲಿ ಇಲ್ಲ, ಅವನು ಜಾರಿ ಬಿದ್ದರೆ ಮುಂದೇನು ಅನ್ನುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಬಾಗಿಲಲ್ಲೇ ಬೋರ್ಡು ಹಾಕಿದರು ಕುವೆಂಪು. ಅವರ ಮಲೆಯಲ್ಲಿ ಜೀತದ ಗುತ್ತಿ ಇದ್ದಾನೆ, ಅವನ ನಾಯಿ ಹುಲಿಯ ಇದೆ. ಆ ಪುಸ್ತಕದ ಹೆಸರು ಹೇಳಿಕೊಂಡು ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಜನ ಗುತ್ತಿಯ ಜೊತೆ ಹುಲಿಕಲ್ ನೆತ್ತಿ ಹತ್ತಿ ಇಳಿದಿದ್ದಾರೋ!

ಟೀವಿಯೂ ಇದರಲ್ಲಿ ಕೈಜೋಡಿಸಿತು. ಆರ್.ಕೆ. ನಾರಾಯಣರ ಮಾಲ್ಗುಡಿ ಎಲ್ಲೂ ಇಲ್ಲದ ಊರು. ಸರಯೂ ನದಿ, ಮೆಂಪಿ ಕಾಡು, ಎಲ್ಲ ಅವರದೇ ಸೃಷ್ಟಿ. ಶಂಕರ್‌ನಾಗ್ ಆಗುಂಬೆಯಲ್ಲಿ ಧಾರಾವಾಹಿ ತೆಗೆದರು. ಸೊಗಸಾಗಿಯೇ ತೆಗೆದರು, ನನಗೂ ಇಷ್ಟ. ಆದರೆ ಅವತ್ತಿನಿಂದ ಮಾಲ್ಗುಡಿ ಮಲೆನಾಡಾಯಿತು. ಚಿತ್ರೀಕರಣ ನಡೆದ ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಸಂತೋಷ. ನಾರಾಯಣರು ಅಷ್ಟು ಗಟ್ಟಿಯಾಗಿ ಊರು ಕಟ್ಟಿದ್ದಕ್ಕೇ ಜನ ಅದನ್ನು ಹುಡುಕಿಕೊಂಡು ರೈಲು ಹತ್ತುತ್ತಾರೆ. ನಿಮ್ಮ ಅಣ್ಣ ತಮ್ಮನ ಮನೆ ಹುಡುಕಿಕೊಂಡು ಯಾರಾದರೂ ಹೊರಟರೆ ಯಾವ ಬಸ್ಸು ಹತ್ತಬೇಕು?

ಬೆಂಗಳೂರಿನ ಕತೆಗಳದ್ದೂ ಇದೇ ಹಾಡು. ಒಂದು ಅಪಾರ್ಟ್‌ಮೆಂಟು, ಒಂದು ಕೆಫೆ, ಟ್ರಾಫಿಕ್ಕು. ಹೆಸರು ತೆಗೆದರೆ ಪುಣೆಯೂ ಆದೀತು, ಹೈದರಾಬಾದೂ ಆದೀತು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಸ್ಟೇಡಿಯಂ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಅಲ್ಲಿ ನಿಂತು ಬಸ್ಸು ಕಾಯುವ ಒಂದು ಪಾತ್ರಕ್ಕಾದರೂ ಇದು ನೆನಪಾಗಬಾರದಾ? ಶಾಲೆಯಲ್ಲಿ ಹೇಳಿಕೊಡುವುದೂ ಹಾಗೇ ಇದೆ. ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಅಂತ ಮೂರು ತಲೆಬರಹ ಹಾಕಿ ಮಕ್ಕಳು ಬರೆಯುತ್ತಾರೆ. ಸಂದರ್ಭ ಬೇರೆ, ಸ್ವಾರಸ್ಯ ಬೇರೆ ಅಂತ ಆಗಲೇ ತಲೆಗೆ ಹೋಗಿಬಿಡುತ್ತದೆ. ನೀವು ಗಣಿತದವರು, ಈ ಪಾಪ ನಿಮ್ಮ ತಲೆಗೆ ಕಟ್ಟುವುದಿಲ್ಲ.

ಇನ್ನು ಅಮೆರಿಕದ ವಿಷಯ. ನಿಮ್ಮ ಮಗಳು ನಿಮ್ಮ ಮನೆಯಲ್ಲೇ ಬೆಳೆದವಳಲ್ವಾ? ಅಟ್ಟ ಅಂದರೆ ಅವಳಿಗೆ ತಿಳಿಯದಿರುತ್ತದಾ? ಅವಳ ಅಕ್ಕಪಕ್ಕದವರ ಚಿಂತೆಯನ್ನೂ ಬಿಡಿ. ಹಾಸನದ ಬಾನು ಮುಷ್ತಾಕ್ ಬರೆದ ಕತೆಗಳು ನಮ್ಮ ಕಡೆಯ ಮುಸ್ಲಿಂ ಮನೆಗಳ ಒಳಗೆ ನಡೆಯುವಂಥವು. ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದರು. ಕನ್ನಡ, ಉರ್ದು ಮಾತುಗಳನ್ನು ಅಲ್ಲಲ್ಲೇ ಬಿಟ್ಟರು, ಅಡಿಟಿಪ್ಪಣಿ ಹಾಕಲಿಲ್ಲ. 2025ರಲ್ಲಿ ಅದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಹಾಸನದ ಓಣಿ ನೋಡದವರೇ ಕೂತು ಕೊಟ್ಟ ಬಹುಮಾನ. ನಾವು ಹಿಮ ಕಾಣದೆ ರಷ್ಯದ ಕಾದಂಬರಿ ಓದಿ ಚಳಿಗೆ ನಡುಗಲಿಲ್ಲವೇ? ಹೊರಗಿನವರಿಗೆ ತಿಳಿಯಲಿ ಅಂತ ನಾವು ನಾವೇ ಊರು ಅಳಿಸಿಕೊಂಡು ಕೂತರೆ ಅವರು ಓದುವುದಾದರೂ ಏನನ್ನು?

ನನಗೆ ನಿಜವಾಗಿ ಸಂಕಟ ತರುವುದು ಉತ್ತರದ ಬಯಲು. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿ, ಎರೆಮಣ್ಣಿನಲ್ಲಿ ಉಳಿದ ತೇವದ ಮೇಲೇ ಬೆಳೆಯುವ ಹಿಂಗಾರಿ ಜೋಳ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು. ಹಸಿ ತೆನೆ ಸುಟ್ಟು ಸೀತನಿ ತಿನ್ನುವುದು. ಬೆಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು. ಬೀಗ ಹಾಕಿದ ಆ ಮನೆ, ಇತ್ತ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಎರಡೂ ಕಡೆ ಕತೆ ಇದೆ. 1957ರಲ್ಲೇ ರಾವಬಹಾದ್ದೂರರು ‘ಗ್ರಾಮಾಯಣ’ದಲ್ಲಿ ಪಾದಳ್ಳಿ ಅನ್ನುವ ಒಂದು ಹಳ್ಳಿಯನ್ನು ಇಡಿಯಾಗಿ ಎತ್ತಿಕೊಂಡು ಬರೆದರು. ಕಂಬಾರರು ತಮ್ಮ ಬರಹಗಳಲ್ಲಿ ಕಟ್ಟಿದ ಶಿವಾಪುರ ಇದೆ. ಅಮರೇಶ ನುಗಡೋಣಿಯಂಥವರು ಬರೆಯುತ್ತಲೇ ಇದ್ದಾರೆ. ಆದರೂ ಹೊಸಬರು ರಾಯಚೂರಿನಿಂದ ಕತೆ ಕಳಿಸಿದರೆ ಅದರಲ್ಲೂ ಸೋನೆ ಮಳೆ ಸುರಿಯುತ್ತಿರುತ್ತದೆ! ಮಳೆ ಇದ್ದರೇ ಸಾಹಿತ್ಯ ಅಂತ ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಹೇಳಿದವರಲ್ಲಿ ಬಹುಮಾನ ಕೊಡುವ ನಮ್ಮಂಥ ಪತ್ರಿಕೆಗಳವರೂ ಇರಬಹುದು, ಬೇರೆಯವರು ಜಾಸ್ತಿ ಇರಬಹುದು.

ಅದಕ್ಕೇ ದೀಪಾವಳಿ ವಿಶೇಷಾಂಕಕ್ಕೆ ಬಿಸಿಲಿನ ಕತೆಗಳಿಗಾಗಿ ಪುಟ ತೆಗೆದಿಟ್ಟಿದ್ದೇನೆ. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರದ ಕಡೆಯವರು ತಮ್ಮ ಮನೆಮಾತಿನಲ್ಲೇ ಬರೆದು ಕಳಿಸಲಿ, ಯಾರಿಗೂ ಅರ್ಥ ಆಗೋದಿಲ್ಲ ಅಂತ ಹೆದರಿ ತಿದ್ದುವುದು ಬೇಡ. ಮಲೆನಾಡಿನ ಮಳೆಯ ಕತೆಗಳು ಮುಂದಿನ ಯುಗಾದಿವರೆಗೆ ಆಗುವಷ್ಟು ಬಂದು ಬಿದ್ದಿವೆ. ದಯವಿಟ್ಟು ಸದ್ಯಕ್ಕೆ ಕಳಿಸಬೇಡಿ.

ಸಂ.